ಹಿತ್ತಲು ಐದೂವರೆ ಅಡಿ ತಗ್ಗು: ತುಂಬಿಸೋದಾ, ಮೆಟ್ಟಿಲು ಕಟ್ಟೋದಾ?

ನಂದಿಬುಡ (ಚಿಕ್ಕಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದಿಂದ ನಂದಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಪೂರ್ವಕ್ಕೆ ಬಾಗಿಲು, ಪಶ್ಚಿಮಕ್ಕೆ ಹಿತ್ತಲು. ಹಿತ್ತಲು 30 ಅಡಿ ಅಗಲ, 36 ಅಡಿ ಉದ್ದ. ಅಡುಗೆಮನೆ ಬಾಗಿಲು ದಾಟಿದ ಕೂಡಲೇ ನೆಲ ಇಳಿಯೋಕೆ ಶುರು, ಹಿಂದಿನ ಕಾಂಪೌಂಡ್ ಹತ್ತಿರ ಹೋಗೋ ಹೊತ್ತಿಗೆ ಆಳೆತ್ತರದ ತಗ್ಗು. ಕೆಳಗೆ ನುಗ್ಗೆ, ಕರಿಬೇವು, ನಡುವೆ ಒಂದು ಮಾವಿನ ಮರ. ಅಮ್ಮನಿಗೆ 68, ಮಂಡಿನೋವು. ದಿನಾ ಕರಿಬೇವು ಕೀಳೋಕೆ ಇಳೀತಾರೆ, ಮಳೆ ಬಂದಾಗ ಆ ಕೆಮ್ಮಣ್ಣಲ್ಲಿ ಎರಡು ಸಲ ಜಾರಿದ್ದಾರೆ.

ಮೇಸ್ತ್ರಿ ಹೇಳೋದು: ಹಿಂದೆ ಆರಡಿ ಬ್ಲಾಕ್ ಗೋಡೆ ಕಟ್ಟಿ, ಟ್ರ್ಯಾಕ್ಟರಲ್ಲಿ ಮಣ್ಣು ಹೊಡೆಸಿ ಸಮ ಮಾಡಿಬಿಡೋಣ. ನಮ್ಮ ಸೋದರಮಾವನೂ ಅದನ್ನೇ ಹೇಳ್ತಾರೆ, ಆದ್ರೆ ಅವರ ಕಾರಣ ಬೇರೆ: ವಾಸ್ತು ಪ್ರಕಾರ ಪಶ್ಚಿಮ ತಗ್ಗಿರಬಾರದಂತೆ. ನನಗೆ ಮಾತ್ರ ಆ ಇಳಿಜಾರು ಇಷ್ಟ. ಕೆಳಗೆ ನಿಂತರೆ ರಸ್ತೆ ಸದ್ದು ಕೇಳಲ್ಲ. ಮೆಟ್ಟಿಲು ಮಾಡಿ ಎರಡು ಮೂರು ಮಟ್ಟ ಮಾಡಿದ್ರೆ ಹೇಗೆ? ಅನುಭವ ಇರೋರು ಹೇಳಿ.

ಸೊಪ್ಪಿನಸಾರು (ಮಾಲೂರು)

ತುಂಬಿಸಿ ಸ್ವಾಮಿ. ಗೋಡೆ ಬಿದ್ದ ಮೇಲೆ ಪಕ್ಕದವರ ಸೈಟೂ ಸಮ ಆಗುತ್ತೆ. ಪುಣ್ಯದ ಕೆಲಸ.

ರಸಮಟ್ಟ (ತುಮಕೂರು)

ಮೇಲಿನವರು ತಮಾಷೆಗೆ ಹೇಳಿದ್ರೂ ಮಾತು ಸುಳ್ಳಲ್ಲ. ನಾನು ಸಿವಿಲ್, ಒಂದಿಷ್ಟು ಲೆಕ್ಕ ಹಾಕ್ತೀನಿ.

ತಗ್ಗು ಐದೂವರೆ ಅಡಿ ಅಂತಿಟ್ಟುಕೊಳ್ಳಿ. ತುಂಬಬೇಕಾದ ಜಾಗ ಅಡ್ಡಕ್ಕೆ ಸೀಳಿದ್ರೆ ತ್ರಿಕೋನ: 36 ಗುಣಿಸು 5.5, ಅದರ ಅರ್ಧ, ಅದಕ್ಕೆ ಅಗಲ 30. ಸುಮಾರು 2,970 ಘನ ಅಡಿ, ಅಂದ್ರೆ 84 ಘನ ಮೀಟರ್. ತೂಕದಲ್ಲಿ 140 ಟನ್ ದಾಟುತ್ತೆ, ಅದೂ ಒಣಗಿದ್ದಾಗ. ಸಡಿಲ ಮಣ್ಣು ತಂದು ಸುರಿದ್ರೆ ಎರಡು ಮಳೆಗಾಲ ಕುಸೀತಾನೇ ಇರುತ್ತೆ, ಮತ್ತೆ ಮತ್ತೆ ತುಂಬಬೇಕು.

ಅದಕ್ಕಿಂತ ಭಯ ಗೋಡೆದು. ಮಣ್ಣು ಗೋಡೆಯನ್ನ ತಳ್ಳೋ ಬಲ ಎತ್ತರದ ಜೊತೆ ನೇರವಾಗಿ ಏರಲ್ಲ. ಗೋಡೆ ಎರಡರಷ್ಟು ಎತ್ತರ ಆದ್ರೆ ತಳ್ಳಾಟ ನಾಲ್ಕರಷ್ಟು, ಮಗುಚಿ ಹಾಕೋ ಶಕ್ತಿ ಎಂಟರಷ್ಟು. ಮೂರಡಿಯ ಎರಡು ಗೋಡೆ ದೂರ ದೂರ ನಿಲ್ಲಿಸೋದೂ ಆರಡಿಯ ಒಂದು ಗೋಡೆ ನಿಲ್ಲಿಸೋದೂ ಒಂದೇ ಅಲ್ಲ. ಆರಡಿ ಮಣ್ಣು ಹಿಡಿಯೋಕೆ ಸಾದಾ ಬ್ಲಾಕ್ ಗೋಡೆ ಆಗಲ್ಲ, ಕಬ್ಬಿಣ ಹಾಕಿ ಡಿಸೈನ್ ಮಾಡಿಸಿದ ಕಾಂಕ್ರೀಟ್ ಗೋಡೆನೇ ಬೇಕು. ಮೇಸ್ತ್ರಿ ಹೇಳಿದ ಖರ್ಚಲ್ಲಿ ಅದು ಬರಲ್ಲ.

ಮೊದಲು ಸರಿಯಾಗಿ ಅಳತೆ ತಗೊಳ್ಳಿ. ಕಣ್ಣಂದಾಜು ಬೇಡ. ಪಾರದರ್ಶಕ ಪೈಪಿಗೆ ಗುಳ್ಳೆ ಇಲ್ಲದ ಹಾಗೆ ನೀರು ತುಂಬಿ, ಒಂದು ತುದಿ ಅಡುಗೆಮನೆ ಹೊಸ್ತಿಲ ಹತ್ತಿರ, ಇನ್ನೊಂದು ತುದಿ ಕಾಂಪೌಂಡ್ ಹತ್ತಿರ ಕೋಲಿಗೆ ಕಟ್ಟಿ. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ. ಅಲ್ಲಿಂದ ನೆಲಕ್ಕೆ ಟೇಪ್ ಹಿಡೀರಿ.

ನಂದಿಬುಡ

ಸರ್, ಭಾನುವಾರ ಮಗನ ಜೊತೆ ಹಿಡಿದೆ. ಮೂರು ಸಲ ಅಳೆದ್ವಿ. 66 ಇಂಚು. ನಿಮ್ಮ ಐದೂವರೆ ಅಡಿ ಕರೆಕ್ಟಾಗಿ ಬಂತು.

ರಸಮಟ್ಟ

ಒಳ್ಳೆಯ ಸಂಖ್ಯೆ. ಈಗ ಮೆಟ್ಟಿಲು ಲೆಕ್ಕ. ಒಂದು ಮೆಟ್ಟಿಲ ಎತ್ತರ ರೈಸರ್, ಕಾಲಿಡೋ ಜಾಗ ಟ್ರೆಡ್. ಎರಡು ರೈಸರ್ ಮತ್ತು ಒಂದು ಟ್ರೆಡ್ ಕೂಡಿಸಿದ್ರೆ 24ರಿಂದ 25 ಇಂಚು ಬರಬೇಕು, ಅದು ನಮ್ಮ ಒಂದು ಹೆಜ್ಜೆಯ ಅಳತೆ. ಈ ಸೂತ್ರ ಹೇಳಿದ್ದು 1670ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ವಾಸ್ತುಶಿಲ್ಪದ ಪಾಠ ಮಾಡ್ತಿದ್ದ ಫ್ರಾನ್ಸ್ವಾ ಬ್ಲೊಂಡೆಲ್. ಮನೆಯೊಳಗೆ 7 ಇಂಚು ಎತ್ತರ, 10-11 ಇಂಚು ಅಗಲ ನಡೆಯುತ್ತೆ. ಹೊರಗೆ ಅದೇ ಅಳತೆ ಹಾಕಿದ್ರೆ ಕಡಿದು ಅನಿಸುತ್ತೆ. ಬಯಲಲ್ಲಿ ನಮ್ಮ ಹೆಜ್ಜೆ ದೊಡ್ಡದು, ಕೈಯಲ್ಲಿ ಬಿಂದಿಗೆನೋ ಬುಟ್ಟಿನೋ ಇರುತ್ತೆ.

ನಿಮ್ಮ ತಾಯಿಯವರಿಗೆ 5.5 ಇಂಚು ರೈಸರ್, 14 ಇಂಚು ಟ್ರೆಡ್ ಇಡಿ. 5.5 ಎರಡು ಸಲ 11, ಜೊತೆಗೆ 14, ಒಟ್ಟು 25. 66 ಇಂಚಿಗೆ ಸರಿಯಾಗಿ 12 ಮೆಟ್ಟಿಲು. ಆರು ಇಳಿದು ಒಂದು ಸಮತಟ್ಟು, ಮತ್ತೆ ಆರು. ಮುಗೀತು.

ನಂದಿಬುಡ

ಮುಗೀಲಿಲ್ಲ ಸರ್. ಮಾವ ಫೋನಲ್ಲೇ "ಹನ್ನೆರಡಾ? ಸಮಸಂಖ್ಯೆ ಬರಬಾರದು ಕಣೋ, ಲಾಭ ನಷ್ಟ ಅಂತ ಎಣಿಸ್ಕೊಂಡು ಹೋಗು, ಕೊನೆಗೆ ನಷ್ಟಕ್ಕೆ ಬರುತ್ತೆ" ಅಂದ್ರು. ತುಂಬಿಸೋದು ಬೇಡ ಅಂತ ಒಪ್ಪಿಸಿದ್ದೇ ದೊಡ್ಡದು, ಈಗ ಇದಕ್ಕೂ ಜಗಳ ಬೇಡ. 11 ಮಾಡಿದ್ರೆ ತಲಾ 6 ಇಂಚು. ಅಮ್ಮನಿಗೆ ಅರ್ಧ ಇಂಚು ಜಾಸ್ತಿ ಆಗುತ್ತೆ. 13 ಮಾಡಿದ್ರೆ 5 ಇಂಚು ಚಿಲ್ಲರೆ, ಮೇಸ್ತ್ರಿ ಆ ಚಿಲ್ಲರೆ ಹಿಡೀತಾನಾ?

ಕರಿಬೇವು (ಶಿಡ್ಲಘಟ್ಟ)

ಅಣ್ಣಾ, ಆರು-ಆರು ಯಾಕೆ? ಮೇಲೆ ಏಳು, ಕೆಳಗೆ ಐದು ಮಾಡಿ. ಎರಡೂ ಬೆಸ. ಮಾವ ಒಂದು ಸಾಲು ಎಣಿಸಿದ್ರೂ ಲಾಭ, ಇನ್ನೊಂದು ಎಣಿಸಿದ್ರೂ ಲಾಭ. ಅಮ್ಮನಿಗೆ ಅದೇ ಐದೂವರೆ ಇಂಚು.

ಸೊಪ್ಪಿನಸಾರು

ಅಕ್ಕನಿಗೆ ಒಂದು ನಮಸ್ಕಾರ.

ಗಾರೆಕೈ (ಕೋಲಾರ)

ಅಕ್ಕ ಹೇಳಿದ್ದು ಮಾವನಿಗೋಸ್ಕರ ಇರಬಹುದು, ಕೆಲಸದ ದೃಷ್ಟಿಯಿಂದಲೂ ಅದೇ ಸರಿ. ಇಪ್ಪತ್ತೈದು ವರ್ಷದಿಂದ ಕಲ್ಲು ಕಟ್ಟಡದ ಕೆಲಸ ಮಾಡ್ತಿದ್ದೀನಿ, ಯಾಕೆ ಅಂತ ಹೇಳ್ತೀನಿ.

ಹೊರಗಿಂದ ಮಣ್ಣು ತರಿಸೋದೇ ಬೇಡ. ನಡುವಿನ ಮಟ್ಟ ಮಾಡೋವಾಗ ಮನೆ ಕಡೆಯ ಅರ್ಧ ಅಗೀತೀರಿ, ಅಗೆದ ಮಣ್ಣನ್ನ ಕೆಳಗಿನ ಅರ್ಧಕ್ಕೆ ಎಳೀತೀರಿ. ಮೇಲಿನ ಗೋಡೆ ಹಿಂದೆ ಇರೋದು ಯಾರೂ ಮುಟ್ಟದ ಗಟ್ಟಿ ಗರಸು, ಅದು ತಾನೇ ನಿಂತಿರುತ್ತೆ. ಕೆಳಗಿನ ಗೋಡೆ ಹಿಂದೆ ಇರೋದು ತುಂಬಿದ ಮಣ್ಣು, ಅದು ತಳ್ಳುತ್ತೆ. ಎತ್ತರದ ಗೋಡೆ ಗಟ್ಟಿ ಮಣ್ಣಿಗೆ, ಗಿಡ್ಡ ಗೋಡೆ ತುಂಬಿದ ಮಣ್ಣಿಗೆ. ಏಳು ಮೇಲೆ ಅಂದ್ರೆ 38.5 ಇಂಚು, ಐದು ಕೆಳಗೆ ಅಂದ್ರೆ 27.5 ಇಂಚು. ಸರಿಹೋಯ್ತು. ಅಗೆತ ಮಾತ್ರ ಮನೆ ಪಾಯದ ಹತ್ತಿರ ಬರಬಾರದು. ಏಳೆಂಟು ಅಡಿ ಬಿಟ್ಟು ಶುರು ಮಾಡಿ.

ಅಗೆಯೋ ಮೊದಲು ಮೇಲಿನ ಒಂದು ಗೇಣು ಕಪ್ಪು ಮಣ್ಣನ್ನ ಬೇರೆ ಗುಡ್ಡೆ ಹಾಕಿಸಿ. ಗೊಬ್ಬರ ಇರೋದು ಅದರಲ್ಲೇ. ಗರಸು ಮೇಲೆ ಬಂದ್ರೆ ಮೂರು ವರ್ಷ ಏನೂ ಬೆಳೆಯಲ್ಲ.

ಗೋಡೆ ಸೈಜುಗಲ್ಲಲ್ಲಿ ಸಿಮೆಂಟ್ ಇಲ್ಲದೆ ಕಟ್ಟಿ. ನಮ್ಮ ಕಡೆ ಕಲ್ಲಿಗೇನು ಬರ? ಒಂದಡಿ ಆಳ ತೆಗೆದು, ಗಟ್ಟಿ ನೆಲ ಸಿಕ್ಕಿದ ಮೇಲೆ ಮೊದಲ ಸಾಲು. ಮೇಲಿನ ಗೋಡೆಗೆ ಬುಡ 20 ಇಂಚು, ತಲೆ 14 ಇಂಚು. ಮುಂಭಾಗ ಅಡಿಗೆ 2 ಇಂಚು ಹಿಂದಕ್ಕೆ ವಾಲಲಿ. ನೇರ ನಿಲ್ಲಿಸಿದ ಗೋಡೆ ಒಂದಲ್ಲ ಒಂದು ದಿನ ಮುಂದಕ್ಕೆ ಬಗ್ಗುತ್ತೆ, ಹಿಂದಕ್ಕೆ ವಾಲಿದ್ದು ಮಣ್ಣಿಗೆ ಒರಗುತ್ತೆ. ಕೆಳಗಿನ ಸಾಲಿನ ಸಂದಿಯ ಮೇಲೆ ಮೇಲಿನ ಸಾಲಿನ ಸಂದಿ ಬರಬಾರದು. ಮೂರ್ನಾಲ್ಕು ಅಡಿಗೊಂದು ಕಲ್ಲು ಗೋಡೆಯ ಮುಂದಿನಿಂದ ಹಿಂದಿನ ತನಕ ಉದ್ದಕ್ಕೆ ಹೋಗಲಿ. ಚಕ್ಕೆಕಲ್ಲನ್ನ ಹಿಂದಿನಿಂದ ಬಡಿದು ಬಿಗಿ ಮಾಡಬೇಕು. ಮುಂದಿನಿಂದ ತುರುಕಿದ ಚಕ್ಕೆ ನೋಡೋಕೆ ಚೆಂದ, ಆರು ತಿಂಗಳಲ್ಲಿ ಉದುರುತ್ತೆ. ಕೂಲಿಯವರು ಮುಂದಿನಿಂದ ತುರುಕ್ತಿದ್ರೆ ಅವತ್ತೇ ನಿಲ್ಲಿಸಿ.

ಗೋಡೆ ಹಿಂದೆ ಒಂದಡಿ ಅಗಲ 40 ಎಂಎಂ ಜಲ್ಲಿ, ಅದರ ಹಿಂದೆ ಮಣ್ಣು. ತುಂಬೋ ಮಣ್ಣು ಒಂದೇ ಸಲ ಸುರೀಬೇಡಿ. ಆರಾರು ಇಂಚು ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹೊಡೀರಿ.

ರಸಮಟ್ಟ

ಗಾರೆಕೈ ಅವರು ಹೇಳಿದ್ದಕ್ಕೆ ಬಹುಪಾಲು ಒಪ್ಪಿಗೆ. ಆದ್ರೆ ಸಿಮೆಂಟ್ ಇಲ್ಲದ ಗೋಡೆ ಕಟ್ಟೋ ಕೈಗಳು ಈಗ ಎಲ್ಲಿವೆ ಸರ್? ತುಮಕೂರಲ್ಲಿ ಹುಡುಕಿ ಸಾಕಾಗಿದೆ. ಕೆಟ್ಟದಾಗಿ ಕಟ್ಟಿದ ಒಣ ಗೋಡೆಗಿಂತ ಸಾಧಾರಣವಾಗಿ ಕಟ್ಟಿದ ಸಿಮೆಂಟ್ ಗೋಡೆ ವಾಸಿ. ಸಿಮೆಂಟಲ್ಲಿ ಕಟ್ಟಿದ್ರೆ ಐದಡಿಗೊಂದರಂತೆ ಬುಡದಲ್ಲಿ ಮೂರು ಇಂಚಿನ ಪಿವಿಸಿ ಪೈಪ್ ತುಂಡು ಹೊರಕ್ಕೆ ಇಳಿಜಾರಾಗಿ ಇಡಿ, ಹಿಂದೆ ಅದೇ ಜಲ್ಲಿ ಹಾಕಿ.

ಗಾರೆಕೈ

ಇದೀವಿ ಸಾ, ಕಮ್ಮಿ ಇದೀವಿ ಅಷ್ಟೇ. ಪೈಪ್ ಇಡ್ತಾರೆ, ಬಾಯಿಗೆ ಜಲ್ಲಿ ಹಾಕಲ್ಲ, ಒಂದು ಮಳೆಗೆ ಮಣ್ಣು ಕಟ್ಟಿಕೊಳ್ಳುತ್ತೆ. ಹೊರಗಿಂದ ತೂತು ಕಾಣ್ತಾ ಇರುತ್ತೆ, ನೀರು ಬರಲ್ಲ. ಒಣ ಗೋಡೆ ಅಂದ್ರೆ ಮೈಯೆಲ್ಲ ತೂತು, ಮುಚ್ಚೋ ಪ್ರಶ್ನೆನೇ ಇಲ್ಲ. ನನ್ನ ವಾದ ಅಷ್ಟೇ.

ರೇಷ್ಮೆಗೂಡು (ಚಿಂತಾಮಣಿ)

ನೀರಿನ ಮಾತು ಬಂತಲ್ಲ. 2021ರ ಆಗಸ್ಟಲ್ಲಿ ಒಂದು ರಾತ್ರಿ ಮಳೆಗೆ ನಂದಿಬೆಟ್ಟದ ರಸ್ತೆ ಮೇಲೆ ಗುಡ್ಡ ಕುಸಿದಿದ್ದು ನೆನಪಿದೆಯಲ್ಲ. ಅದೇ ನವೆಂಬರಲ್ಲಿ ಮಳೆ ಹೊಡೆದು ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳು ಕೋಡಿ ಹೋದ್ವು. ನಮ್ಮದು ಬರದ ಸೀಮೆ, ಇಲ್ಲಿ ನೀರೆಲ್ಲಿ ಬರುತ್ತೆ ಅಂತ ಕಟ್ಟೋರು ಜಾಸ್ತಿ. ಬರೋದು ಕಮ್ಮಿ ದಿನ, ಬಂದ ದಿನ ಒಟ್ಟಿಗೆ ಬರುತ್ತೆ. ನಂದಿಬುಡ ಅವರೇ, ನಿಮ್ಮ ತಾರಸಿ ನೀರು ಎಲ್ಲಿಗೆ ಬೀಳ್ತಿದೆ?

ನಂದಿಬುಡ

ಹಿಂದಿನ ಎರಡು ಪೈಪೂ ನೇರ ಹಿತ್ತಲಿಗೆ. ಅದನ್ನ ಯೋಚನೆನೇ ಮಾಡಿರಲಿಲ್ಲ. ಕೆಳಗಿನ ಸೈಟ್ ಖಾಲಿ ಇದೆ, ಅಲ್ಲಿಗೆ ಹರಿದು ಹೋಗುತ್ತೆ.

ರೇಷ್ಮೆಗೂಡು

ಹಾಗಾದ್ರೆ ಅಮ್ಮ ಜಾರ್ತಿರೋದು ಆಕಾಶದ ಮಳೆಗಲ್ಲ, ನಿಮ್ಮ ತಾರಸಿ ಮಳೆಗೆ. 30-40 ತಾರಸಿ ಅಂದ್ರೆ 1,200 ಚದರ ಅಡಿ. ಒಂದು ಇಂಚು ಮಳೆಗೆ ಹತ್ತಿರ ಹತ್ತಿರ 2,800 ಲೀಟರ್ ಇಳಿಯುತ್ತೆ. ಎಲ್ಲ ಎರಡು ಪೈಪಿನ ಬಾಯಲ್ಲಿ. ಆ ನೀರು ಹೊಸ ಗೋಡೆ ಹಿಂದೆ ಇಂಗಿದ್ರೆ ಗಾರೆಕೈ ಅಣ್ಣನೇ ಕಟ್ಟಿದ್ರೂ ಉಳಿಯಲ್ಲ. ಮೊದಲು ಪೈಪ್ ತಿರುಗಿಸಿ ನೆಲದೊಳಗಿನ ನೀರಿನ ತೊಟ್ಟಿಗೆ (ಸಂಪ್) ಬಿಡಿ. ಸಂಪ್ ತುಂಬಿ ಹೊರಬರೋದು ಮೆಟ್ಟಿಲ ಪಕ್ಕದ ಚರಂಡಿಗೆ, ಅಲ್ಲಿಂದ ಕೆಳಗೊಂದು ಇಂಗುಗುಂಡಿಗೆ. ಮೆಟ್ಟಿಲ ಮೇಲೆ ನೀರು ಹರೀಬಾರದು.

ಕೆಳಗಿನ ಸೈಟಿನವರು ನಾಳೆ ಮನೆ ಕಟ್ತಾರೆ ಅನ್ನೋದೂ ನೆನಪಿರಲಿ. ಇಳಿಜಾರಲ್ಲಿ ತಾನಾಗಿ ಹರಿಯೋ ಮಳೆನೀರನ್ನ ಕೆಳಗಿನ ಜಮೀನಿನವರು ಬಿಟ್ಟುಕೊಳ್ಳಬೇಕು ಅಂತ 1882ರ ಈಸ್‌ಮೆಂಟ್ ಕಾಯ್ದೆಯಲ್ಲೇ ಇದೆ. ಪೈಪಲ್ಲಿ ಕೂಡಿಸಿ ಅವರ ಗೋಡೆಗೆ ಬಿಡೋದು ತಾನಾಗಿ ಹರಿಯೋದಲ್ಲ.

ಗೌರಿಹಬ್ಬ (ಗೌರಿಬಿದನೂರು)

ಒಂದು ಪ್ರಶ್ನೆ. ಸಿಮೆಂಟ್ ಇಲ್ಲದ ಗೋಡೆ ಅಂದ್ರೆ ಸಂದಿ. ಸಂದಿ ಅಂದ್ರೆ ಹಾವು. ವಯಸ್ಸಾದವರು ಓಡಾಡೋ ಜಾಗ. ಯಾರೂ ಇದನ್ನ ಹೇಳ್ಲಿಲ್ವಲ್ಲ?

ಗಾರೆಕೈ

ಸರಿಯಾದ ಪ್ರಶ್ನೆ ಅಮ್ಮಾ. ಹಾವು ಬರೋದು ಇಲಿ ಹಿಂದೆ. ಗೋಡೆ ಬುಡದಲ್ಲಿ ಸೌದೆ, ತೆಂಗಿನ ಮಟ್ಟೆ, ಒಡೆದ ಕುಂಡ ಗುಡ್ಡೆ ಹಾಕಬಾರದು. ಬಿಗಿಯಾಗಿ ಕಟ್ಟಿದ ಗೋಡೇಲಿ ಬೆರಳು ಹೋಗೋ ಸಂದಿ ಇರಲ್ಲ. ಆದ್ರೂ ಭಯ ಇದ್ರೆ ಮೆಟ್ಟಿಲ ಅಕ್ಕಪಕ್ಕ ನಾಲ್ಕಡಿ ಮಾತ್ರ ಸಂದಿಗೆ ಸಿಮೆಂಟ್ ತುಂಬಿ, ಬುಡದ ಸಾಲು ಬಿಟ್ಟು. ಮೆಟ್ಟಿಲಿಗೆ ಒಂದು ದೀಪನೂ ಹಾಕಿ. ಬೆಳಕು ಕಾಲಿಗೆ ಬೀಳಬೇಕು, ಕಣ್ಣಿಗಲ್ಲ.

ಕಲ್ಯಾಣಿ (ಕೋಲಾರ)

ನನ್ನ ಮನೇಲಿ ಆದದ್ದು ಹೇಳ್ತೀನಿ. ಅಂತರಗಂಗೆ ಮೆಟ್ಟಿಲು ಚಿಕ್ಕಂದಿನಿಂದ ಹತ್ತಿದೋಳು ನಾನು. ಅಲ್ಲಿ ಒಂದು ಮೆಟ್ಟಿಲ ಹಾಗೆ ಇನ್ನೊಂದಿಲ್ಲ, ಆದ್ರೂ ಎಡವಿದ್ದು ನೆನಪಿಲ್ಲ. ಬೆಟ್ಟದಲ್ಲಿ ಪ್ರತಿ ಹೆಜ್ಜೆಗೂ ಕೆಳಗೆ ನೋಡ್ತೀವಿ. ಮನೇಲಿ ಯಾರು ನೋಡ್ತಾರೆ? ಎರಡು ಮೆಟ್ಟಿಲು ಇಳಿದ ಮೇಲೆ ಕಾಲು ಲೆಕ್ಕ ಕಲಿತುಬಿಡುತ್ತೆ, ಉಳಿದಿದ್ದೆಲ್ಲ ಹಾಗೇ ಇದೆ ಅಂದ್ಕೊಂಡು ಹೋಗುತ್ತೆ.

ನಮ್ಮ ಹಿತ್ತಲಲ್ಲಿ ಎಂಟು ಮೆಟ್ಟಿಲು ಕಟ್ಟಿಸಿದ್ವಿ. ಕಟ್ಟಿದವರು ಕೆಳಗೆ ಹಸಿ ಮಣ್ಣಿನಿಂದ ಅಳೆದ್ರು. ಎಲ್ಲ ಮುಗಿದು ಒಂದು ತಿಂಗಳಿಗೆ ನಾವೇ ಕೆಳಗೆ ಚಪ್ಪಡಿ ಹಾಸಿಸಿದ್ವಿ. ಚಪ್ಪಡಿ ಎರಡು ಇಂಚು, ಕೆಳಗಿನ ಮರಳು-ಸಿಮೆಂಟ್ ಒಂದಿಂಚು. ಕೊನೆಯ ಮೆಟ್ಟಿಲು ಆರು ಇಂಚು ಇದ್ದದ್ದು ಮೂರಕ್ಕೆ ಬಂತು. ನೋಡಿದ್ರೆ ಗೊತ್ತಾಗಲ್ಲ. ಮನೆಗೆ ಬಂದ ಪ್ರತಿಯೊಬ್ಬರೂ ಅಲ್ಲೇ ಮುಗ್ಗರಿಸ್ತಾರೆ. ನಮ್ಮತ್ತೆ ಬಿದ್ದು ಮಣಿಕಟ್ಟು ಮುರ್ಕೊಂಡ್ರು. ಕೊನೆಗೆ ಮೆಟ್ಟಿಲ ಸುತ್ತ ಚಪ್ಪಡಿ ಎತ್ತಿಸಿ, ನೆಲ ಇಳಿಸಿ ಮತ್ತೆ ಹಾಸಿದ್ವಿ.

ಹಾಗಾಗಿ 66 ಇಂಚು ಅಂತ ಕೂತಿದ್ದೀರಲ್ಲ, ಅದು ಯಾವುದರಿಂದ ಯಾವುದಕ್ಕೆ? ಮೇಲೆ ಏನು ಹಾಸ್ತೀರಿ, ಕೆಳಗೆ ಏನು ಹಾಸ್ತೀರಿ ಅಂತ ಈಗಲೇ ತೀರ್ಮಾನ ಮಾಡಿ, ಮುಗಿದ ನೆಲದಿಂದ ಮುಗಿದ ನೆಲಕ್ಕೆ ಅಳೀರಿ.

ರಸಮಟ್ಟ

ಇದು ನಾನೇ ಮೊದಲು ಹೇಳಬೇಕಿತ್ತು. ಥ್ಯಾಂಕ್ಸ್ ಮೇಡಂ. ನಮ್ಮ ಸೈಟುಗಳಲ್ಲೂ ನಡೆಯೋ ತಪ್ಪು ಇದೇ.

ನಂದಿಬುಡ

ಹೊಸ್ತಿಲ ಹೊರಗೆ ಈಗಾಗಲೇ ಚಪ್ಪಡಿ ಇದೆ, ಅಲ್ಲಿಂದಲೇ ಅಳೆದಿದ್ದು. ನಡುವೆ, ಕೆಳಗೆ ಎಲ್ಲಾ ಮಣ್ಣೇ ಬಿಡ್ತೀವಿ, ಮೆಟ್ಟಿಲು ಮುಗಿಯೋ ಕಡೆ ಮಾತ್ರ ಒಂದೊಂದು ಚಪ್ಪಡಿ. ಅದರ ಮೇಲ್ಮೈ ಈಗಿನ ನೆಲಕ್ಕೆ ಸಮ ಬರೋ ಹಾಗೆ ಹೂತು ಹಾಕಿಸ್ತೀನಿ. ಮೆಟ್ಟಿಲಿಗೆ ಯಾವ ಕಲ್ಲು? ಮನೆ ಮುಂದೆ ಪಾಲಿಶ್ ಗ್ರಾನೈಟ್ ಉಳಿದಿದೆ, ಅದನ್ನೇ ಹಾಕಲಾ?

ಗಾರೆಕೈ

ಬೇಡ. ಬೇಡವೇ ಬೇಡ. ಹೊರಗೆ ಪಾಲಿಶ್ ಕಲ್ಲು, ಮೇಲೆ ನಾಲ್ಕು ಹನಿ ನೀರು, ಆಸ್ಪತ್ರೆ.

ಉಳಿ ಹೊಡೆದ ಮೂರು ಇಂಚು ದಪ್ಪದ ಚಪ್ಪಡಿ ತಗೊಳ್ಳಿ, ನಾಲ್ಕಡಿ ಉದ್ದ, 16 ಇಂಚು ಅಗಲ. ಕೆಳಗಿನಿಂದ ಮೇಲಕ್ಕೆ ಕಟ್ತಾ ಬನ್ನಿ. ಮೊದಲ ಮೆಟ್ಟಿಲಿಗೆ ಮಾತ್ರ ಕಾಂಕ್ರೀಟ್ ಬೆಡ್ ಬೇಕು, ಮಿಕ್ಕಿದ್ದೆಲ್ಲ ಅದಕ್ಕೆ ಒರಗಿರುತ್ತೆ. ಪ್ರತಿ ಚಪ್ಪಡಿಯ ಹಿಂದಿನ ಎರಡು ಇಂಚು ಮುಂದಿನ ಮೆಟ್ಟಿಲ ಕೆಳಗೆ ಸೇರಲಿ, ಕಾಲಿಡೋಕೆ 14 ಉಳಿಯುತ್ತೆ. ಮುಂದಕ್ಕೆ ಕಾಲಿಂಚು ಇಳಿಜಾರು ಕೊಡಿ, ನೀರು ನಿಲ್ಲಲ್ಲ, ಪಾಚಿ ಕಟ್ಟಲ್ಲ. ಹಿಡಿಕೆ ಪೈಪ್ ಅಮ್ಮ ಇಳಿಯೋವಾಗ ಬಲಗೈಗೆ ಬರೋ ಕಡೆ ಹಾಕಿ, ಮೆಟ್ಟಿಲ ಅಂಚಿನಿಂದ ಮೂರಡಿಗೆ ಒಂದೆರಡು ಇಂಚು ಕಮ್ಮಿ ಎತ್ತರ.

ಕರಿಬೇವು

ಮಾವಿನ ಮರ ಎಲ್ಲಿ ಬರುತ್ತೆ? ತುಂಬೋ ಕಡೆನಾ?

ನಂದಿಬುಡ

ಹೌದು, ನಡುವಿನ ಮಟ್ಟದ ಕೆಳ ಅರ್ಧದಲ್ಲಿ. ಬೊಡ್ಡೆಗೆ ಒಂದೂವರೆ ಅಡಿ ಮಣ್ಣು ಬರುತ್ತೆ.

ಕರಿಬೇವು

ಬರಬಾರದು ಅಣ್ಣಾ. ನಮ್ಮ ಮನೇಲಿ ಒಂದು ಹಲಸು ಹಾಗೇ ಹೋಯ್ತು. ಬೊಡ್ಡೆಗೆ ಮಣ್ಣು ಏರಿಸಿದ್ರೆ ತೊಗಟೆ ಕೊಳೆಯುತ್ತೆ, ಬೇರಿಗೆ ಗಾಳಿ ಸಿಗಲ್ಲ. ತಕ್ಷಣ ಏನೂ ಆಗಲ್ಲ, ಎರಡು ವರ್ಷ ಬಿಟ್ಟು ಒಂದೊಂದೇ ಕೊಂಬೆ ಒಣಗ್ತಾ ಬರುತ್ತೆ, ಆಗ ರೋಗ ಅಂದ್ಕೊಂಡು ಔಷಧಿ ಹೊಡೀತೀವಿ. ಮರದ ಸುತ್ತ ಎಷ್ಟು ದೂರ ಆಗುತ್ತೋ ಅಷ್ಟು ಬಿಟ್ಟು ಕಲ್ಲಿನ ಬಳೆ ಕಟ್ಟಿ, ಒಳಗೆ ಹಳೆಯ ನೆಲವೇ ಇರಲಿ. ಒಂದು ಕಡೆ ನೀರು ಹೊರಹೋಗೋಕೆ ದಾರಿ ಬಿಡಿ.

ಕೆಳಗಿನ ಗೋಡೆ ಅಂಚಿಗೆ ಲಾವಂಚ ನೆಡಿ. ಅದರ ಬೇರು ಅಡ್ಡ ಹೋಗಲ್ಲ, ನೇರ ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತೆ. ನುಗ್ಗೆ ಗೋಡೆ ಹತ್ತಿರ ಬೇಡ.

ತಳ್ಳುಗಾಡಿ (ಬಂಗಾರಪೇಟೆ)

ಮೆಟ್ಟಿಲ ಬದಲು ಇಳಿಜಾರು ದಾರಿ ಮಾಡಬಹುದಲ್ಲ? ಮುಂದೆ ಗಾಲಿ ಕುರ್ಚಿ ಬೇಕಾದ್ರೂ ಆಗುತ್ತೆ.

ರಸಮಟ್ಟ

ಗಾಲಿ ಕುರ್ಚಿಗೆ 12ಕ್ಕೆ 1 ಬೇಕು, ಅಂದ್ರೆ ಒಂದಡಿ ಇಳಿಯೋಕೆ 12 ಅಡಿ ದಾರಿ. 66 ಇಂಚಿಗೆ 66 ಅಡಿ ದಾರಿ, ನಡುವಿನ ತಂಗುನೆಲ ಬೇರೆ. ಇವರ ಹಿತ್ತಲು 36 ಅಡಿ. ಎರಡು ಸಲ ತಿರುಗಿಸಿದ್ರೆ ಹಿತ್ತಲೆಲ್ಲ ದಾರಿನೇ ಆಗುತ್ತೆ. ಮೇಲಿನ ಮಟ್ಟವನ್ನ ಮನೆ ನೆಲಕ್ಕೆ ಸಮ ಇಟ್ಟು ಕರಿಬೇವಿನ ಒಂದು ಗಿಡ ಅಲ್ಲೇ ನೆಟ್ಟರೆ ವಾಸಿ.

ನಂದಿಬುಡ

ಐದು ತಿಂಗಳಾದ ಮೇಲೆ ಬರೀತಿದ್ದೀನಿ, ಕ್ಷಮಿಸಿ.

ಮೊದಲಿನ ಮೇಸ್ತ್ರಿ ಕೈಬಿಟ್ಟರು. "ಗೋಡೆ ಬೇಡ, ಮಣ್ಣು ಬೇಡ, ಮತ್ತೆ ನಾನ್ಯಾಕೆ" ಅಂದ್ರು. ಗಾರೆಕೈ ಅವರ ಕಡೆಯ ಇಬ್ಬರು ಬಂದು ಇಪ್ಪತ್ತೆರಡು ದಿನ ಕೆಲಸ ಮಾಡಿದ್ರು. ಮೇಲಿನ ಗೋಡೆ ಒಣಗಲ್ಲು. ಕೆಳಗಿನದು ಸಿಮೆಂಟ್, ಪೈಪಿಟ್ಟು, ಹಿಂದೆ ಜಲ್ಲಿ ಹಾಕಿ. ಇಬ್ಬರ ಮಾತೂ ನಡೆಸಿದೆ. ಮಾವಿನ ಮರಕ್ಕೆ ಕಲ್ಲಿನ ಬಳೆ ಆಯ್ತು, ಅಮ್ಮ ಅದರ ಅಂಚಲ್ಲಿ ಕೂತು ಅವರೆಕಾಯಿ ಸುಲೀತಾರೆ. ಸಿಪ್ಪೆ ಎಲ್ಲ ಬಳೆ ಒಳಗೆ. ಗೌರಿಹಬ್ಬ ಅಕ್ಕನ ಮಾತು ಹೇಳಿ ದಿನಾ ತೆಗೆಸ್ತಿದ್ದೀನಿ.

ಪ್ರತಿ ಮೆಟ್ಟಿಲನ್ನೂ ನಾನೇ ಟೇಪ್ ಹಿಡಿದು ನೋಡಿದೆ. ಹತ್ತು ಸರಿಯಿತ್ತು, ಮೇಲಿನ ಸಾಲಿನ ನಾಲ್ಕನೆಯದು 6 ಇಂಚು, ಅದರ ಪಕ್ಕದ್ದು 5 ಇಂಚು ಬಂದಿತ್ತು. ಅರ್ಧ ಇಂಚಿಗೆಲ್ಲ ಕೀಳಬೇಕಾ ಅಂತ ಕೆಲಸದವರಿಗೆ ಬೇಜಾರು. ಕಲ್ಯಾಣಿ ಅವರ ಅತ್ತೆ ಕಥೆ ಓದಿ ಹೇಳಿದೆ. ಕಿತ್ತು ಕೂರಿಸಿದ್ರು.

ಅಕ್ಟೋಬರಲ್ಲಿ ಎರಡು ಜೋರು ಮಳೆ ಬಂತು. ಗೋಡೆಗಳು ಅಲ್ಲಾಡಿಲ್ಲ, ಕೆಳಗಿನ ಪೈಪುಗಳಲ್ಲಿ ಸಣ್ಣಗೆ ನೀರು ಬಂದದ್ದು ನೋಡಿದೆ. ತೊಂದರೆ ಆದದ್ದು ಚರಂಡಿ ಕಡೆ. ಏಳು ಮೆಟ್ಟಿಲ ಪಕ್ಕದ ಚರಂಡಿ ಕಡಿದಾಗಿ ಇಳಿಯೋದರಿಂದ ನೀರು ರಭಸಕ್ಕೆ ಕೆಳಗೆ ಹಾರಿ ನಡುವಿನ ಮಟ್ಟದಲ್ಲಿ ಒಂದು ಗುಂಡಿ ಮಾಡಿದೆ. ಏನು ಮಾಡ್ಲಿ?

ಗಾರೆಕೈ

ಚರಂಡಿ ತಳದಲ್ಲಿ ಅಡಿಗೊಂದು ಕಲ್ಲು ಅಡ್ಡ ನೆಟ್ಟು ನೀರನ್ನ ಎಡವಿಸಿ. ಬೀಳೋ ಕಡೆ ಒಂದು ಬುಟ್ಟಿ ಬೋಲ್ಡರ್ ಸುರೀರಿ. ಅಷ್ಟೇ.

ಸೊಪ್ಪಿನಸಾರು

ಮಾವ ಬಂದು ನೋಡಿದ್ರಾ?

ನಂದಿಬುಡ

ದೀಪಾವಳಿಗೆ ಬಂದಿದ್ರು. ಏಳು, ಐದು ಅಂತ ನಾನು ಹೇಳೋಕೆ ಮೊದಲೇ ಲಾಭ ನಷ್ಟ ಅಂತ ಎಣಿಸ್ತಾ ಇಳಿದ್ರು. ನಡುವಿನ ನೆಲವನ್ನೂ ಒಂದು ಮೆಟ್ಟಿಲು ಅಂತ ಸೇರಿಸಿ ಹದಿಮೂರು ಮಾಡಿದ್ರು. ನಾನು ಸುಮ್ಮನಿದ್ದೆ.

ಕರಿಬೇವು

ಲಾವಂಚ ನೆಟ್ರಾ?

ನಂದಿಬುಡ

ಇಲ್ಲ. ಸಸಿ ಎಲ್ಲಿ ಸಿಗುತ್ತೆ ಅಕ್ಕಾ?

ಕರಿಬೇವು

ಶಿಡ್ಲಘಟ್ಟಕ್ಕೆ ಬಂದಾಗ ಹೇಳಿ. ನಮ್ಮ ಹೊಲದ ಬದುವಿನಲ್ಲಿದೆ, ಬುಡ ಸಮೇತ ಕಿತ್ತು ಕೊಡ್ತೀನಿ. ಗೋಣಿಚೀಲ ತನ್ನಿ.